ಕೀಲಿ ಇದ್ದದ್ದು ಸಿ ಡ್ರೈವಿನಲ್ಲಿ

ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಎರಡು ವರ್ಷದ ಹಿಂದೆ ಬಬಲೇಶ್ವರದ ಟೀಚರಮ್ಮ ಒಬ್ಬರು ತಮ್ಮ ಅಕ್ಕನ ಹಳೆಯ ಲ್ಯಾಪ್‌ಟಾಪ್ ತಂದರು. ಅಕ್ಕ ತೀರಿಕೊಂಡು ತಿಂಗಳಾಗಿತ್ತು. ಬದುಕಿದ್ದಾಗ ಆಕೆ ತಿಕೋಟಾ, ಇಟ್ಟಂಗಿಹಾಳದ ಮುದುಕಿಯರಿಂದ ಬೀಸುಕಲ್ಲಿನ ಪದ ಹಾಡಿಸಿ ರೆಕಾರ್ಡ್ ಮಾಡಿಟ್ಟಿದ್ದರಂತೆ.

"ಪಾಸ್‌ವರ್ಡ್ ಗೊತ್ತಿಲ್ರಿ. ಹಾಡಷ್ಟ ಸಿಕ್ರ ಸಾಕು. ನಡುನಡುವ ಅಕ್ಕ ಮಾತಾಡ್ಯಾಳ," ಎಂದರು.

"ನಾಳೆ ಬರ್ರಿ, ಅಕ್ಕಾರ. ಇದೇನ ದೊಡ್ಡ ಕೆಲಸಲ್ಲ," ಎಂದೆ.

ಇಂಥದ್ದನ್ನು ಎಷ್ಟೋ ಸಲ ಮಾಡಿದ್ದೆ. ನನ್ನ ಪೆನ್‌ಡ್ರೈವಿನಿಂದ ಚಾಲೂ ಮಾಡಿ ನೋಡಿದರೆ, ಹಾಡುಗಳು ಡಿಸ್ಕಿನ ಇನ್ನೊಂದು ಭಾಗವಾದ ಡಿ ಡ್ರೈವಿನಲ್ಲಿದ್ದವು. ಪ್ರತಿ ಫೈಲಿಗೂ ಹಾಡಿದ ಅಜ್ಜಿಯ ಹೆಸರು, ಊರು. ಪಾಸ್‌ವರ್ಡ್ ಕೇಳುತ್ತಿದ್ದ ವಿಂಡೋಸ್ ಇದ್ದ ಸಿ ಡ್ರೈವನ್ನಷ್ಟೇ ಅಳಿಸಿ ಹೊಸದನ್ನು ಹಾಕಿದೆ. ಆಮೇಲೆ ಒಂದು ಹಾಡು ಒತ್ತಿದರೆ, ತೆರೆಯಲು ಅನುಮತಿಯಿಲ್ಲ ಎಂದಿತು. ಇನ್ನೊಂದೂ ಹಾಗೆಯೇ. ಆಗ ಕಂಡಿತು, ಎಲ್ಲ ಫೈಲುಗಳ ಮೇಲೂ ಸಣ್ಣ ಬೀಗದ ಗುರುತು.

ಟೀಚರ ಅಕ್ಕ ಹಾಡುಗಳ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡಿದ್ದರು. ಹಾಗೆ ಮಾಡಿದಾಗ ವಿಂಡೋಸ್ ಫೈಲಿನ ಒಳಗಿನದನ್ನೆಲ್ಲ ಯಾರಿಗೂ ಓದಲು ಬಾರದಂತೆ ಕಲಸಿಬಿಡುತ್ತದೆ. ಅದನ್ನು ಬಿಡಿಸುವ ಕೀಲಿ ಬಳಕೆದಾರರ ಖಾತೆಯೊಳಗೆ ಇರುತ್ತದೆ. ಖಾತೆ ಇದ್ದದ್ದು ಸಿ ಡ್ರೈವಿನಲ್ಲಿ. ಅಳಿಸಿದವನು ನಾನೇ. ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರುಗಳನ್ನು ಮೂರು ದಿನ ಓಡಿಸಿದೆ. ಕೀಲಿ ಸಿಗಲಿಲ್ಲ. ಟೀಚರು ಫೋನ್ ಮಾಡಿದಾಗೆಲ್ಲ "ಕೆಲಸ ನಡದೈತ್ರಿ" ಎಂದು ಸುಳ್ಳು ಹೇಳಿದೆ.

ನಾಲ್ಕನೆಯ ದಿನ ಅವರು ಒಂದು ನೋಟ್‌ಬುಕ್ ಹಿಡಿದು ಓಡುತ್ತಲೇ ಬಂದರು.

"ಪಾಸ್‌ವರ್ಡ್ ಸಿಕ್ಕೈತ್ರಿ! ಅಕ್ಕ ಇದರಾಗ ಬರದಿಟ್ಟಾಳ."

ಪರದೆಯನ್ನು ಅವರತ್ತ ತಿರುಗಿಸಿದೆ. "ಇನ್ನ ಅದರಿಂದ ಉಪಯೋಗ ಇಲ್ರಿ, ಅಕ್ಕಾರ. ಕೀಲಿನ ನಾ ಅಳಿಸಿಬಿಟ್ಟೇನಿ. ತಪ್ಪು ನಂದ."

ಅವರು ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು. "ಹೆಸರು ಕಾಣತಾವಲ್ರಿ? ಒಳಗ ಏನೂ ಇಲ್ಲೇನು?"

"ಒಳಗ ಎಲ್ಲಾ ಐತ್ರಿ. ತಗಿಯಾಕ ಬರೂದಿಲ್ಲ."

"ಅಳಸೂಕಿಂತ ಮೊದಲ ನನಗ ಒಂದ ಮಾತ ಕೇಳಬೇಕಾಗಿತ್ತು ನೀವು."

ಪರದೆಯ ಮೇಲಿದ್ದ ಅಜ್ಜಿಯರ ಹೆಸರು, ಊರುಗಳನ್ನು ಹಾಳೆಯಲ್ಲಿ ಬರೆದು ಪಟ್ಟಿ ಮಾಡಿದೆ.

ಮತ್ತೆ ರೆಕಾರ್ಡ್ ಮಾಡೋಣವೆಂದು ನಾನೇ ಬೇಡಿಕೊಂಡೆ. ಭಾನುವಾರ ಇಟ್ಟಂಗಿಹಾಳಕ್ಕೆ ಹೋದೆವು. ಪಟ್ಟಿಯಲ್ಲಿದ್ದ ಆ ಊರಿನ ನಾಲ್ವರಲ್ಲಿ ಮೂವರು ತೀರಿಕೊಂಡಿದ್ದರು. ಟೀಚರು ತಾವು ಯಾರ ತಂಗಿಯೆಂದು ಹೇಳಿದ ಮೇಲೆ, ಉಳಿದ ಅಜ್ಜಿ ಗೋಡೆಗೆ ಒರಗಿ ಎರಡು ಸಾಲು ಹಾಡಿ ನಿಲ್ಲಿಸಿದಳು.

"ನಿಮ್ಮಕ್ಕ ಯಾಕ ಬಂದಿಲ್ಲ ಬೇ?"

ಟೀಚರು ಹೇಳಿದರು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಆವತ್ತು ಮತ್ತೆ ಹಾಡಲಿಲ್ಲ.