ಪದಕ ತೊಳೆದ ಪಂಚಮಿ

ಆಗೆಲ್ಲ ಪಂಚಮಿ ಬಂತೆಂದರೆ ಜಮಖಂಡಿಯ ನಮ್ಮ ಓಣಿಯಲ್ಲಿ ಎರಡೇ ವಾಸನೆ. ಒಂದು ಹುರಿದ ಶೇಂಗಾದ್ದು, ಇನ್ನೊಂದು ಹುಣಸೆಹಣ್ಣಿನದು. ಒಳಗೆ ಉಂಡಿ ಕಟ್ಟುತ್ತಿದ್ದರೆ ಹಿತ್ತಲಲ್ಲಿ ತಾಮ್ರದ ಕೊಡ, ಹಿತ್ತಾಳೆ ತಂಬಿಗೆಗಳನ್ನೆಲ್ಲ ಹುಣಸೆಹುಳಿ, ಬೂದಿ ಹಾಕಿ ತಿಕ್ಕುತ್ತಿದ್ದರು. ಪಡಸಾಲೆಯ ತೊಲೆಗೆ ಜೋಕಾಲಿ. ಅದರ ಹಗ್ಗದ ಗಂಟನ್ನು ಅಜ್ಜ ದಿನಕ್ಕೆ ಹತ್ತು ಸಲ ಎಳೆದು ನೋಡುತ್ತಿದ್ದ. ಒಂದು ಸಲವೂ ಕೂತವನಲ್ಲ.

ಕೂಡುವುದೇ ಅಜ್ಜನಿಗೆ ಆಗದ ಕೆಲಸ. ಅರವತ್ತೈದರ ಯುದ್ಧಕ್ಕೆ ಹೋಗಿದ್ದ, ಎಪ್ಪತ್ತೊಂದರದಕ್ಕೂ ಹೋಗಿದ್ದ. ನಿವೃತ್ತನಾಗಿ ಬಂದ ಮೇಲೆ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ನಡೆಯುತ್ತಲೇ ಇದ್ದ. ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು. ಊರವರಿಗೆ ಮೇಜರ್ ಸಾಹೇಬರು. ನಾವು ಯುದ್ಧದ ಮಾತು ತೆಗೆದರೆ ಮಾತ್ರ, "ಹೊರಗ ಆಡ ಹೋಗ್ರಿ" ಎಂದು ಅಟ್ಟುತ್ತಿದ್ದ.

ಎರಡನೆಯ ಯುದ್ಧದಲ್ಲಿ ಸಿಕ್ಕ ಬೆಳ್ಳಿ ಪದಕ ಅವನ ಟ್ರಂಕಿನಲ್ಲಿತ್ತು. ಅದು ತೂಗುವ ಪಟ್ಟಿ ಅರ್ಧ ನೀಲಿ, ಅರ್ಧ ಕೇಸರಿ. ವರ್ಷಕ್ಕೊಮ್ಮೆ, ಆಗಸ್ಟ್ ಹದಿನೈದಕ್ಕೆ ನಮ್ಮ ಶಾಲೆಯಲ್ಲಿ ಬಾವುಟ ಹಾರಿಸಲು ಹೋಗುವಾಗ, ತಾನೇ ತೆಗೆದು ಕೋಟಿಗೆ ಚುಚ್ಚಿಕೊಳ್ಳುತ್ತಿದ್ದ. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಪಂಚಮಿಯಾಗಿ ನಾಲ್ಕೇ ದಿನಕ್ಕೆ ಆಗಸ್ಟ್ ಹದಿನೈದು ಬಂದಿತ್ತು. ಹಬ್ಬದ ಹಿಂದಿನ ದಿನ ಮನೆಯ ಪಾತ್ರೆಗಳೆಲ್ಲ ಥಳಥಳ ಹೊಳೆಯುವಾಗ ಅಜ್ಜನ ಪದಕವೊಂದೇ ಕಪ್ಪಗಿದೆಯಲ್ಲ ಎಂದು ನನಗೆ ಕೆಡುಕೆನಿಸಿತು. ಅಜ್ಜ ಹೊಲಕ್ಕೆ ಹೋದದ್ದೇ ತಡ, ಪದಕ ತೆಗೆದು ಪಟ್ಟಿಯ ಸಮೇತ ಬಿಸಿ ಹುಣಸೆನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟೆ. ಬೆಳ್ಳಿಯೇನೋ ಬೆಳಗಿತು. ಪಟ್ಟಿಯ ನೀಲಿ ಮಾತ್ರ ಕೇಸರಿಯೊಳಗೆ ಹರಿದು ಎರಡೂ ಸೇರಿ ರಾಡಿಯ ಬಣ್ಣವಾಗಿತ್ತು. 

ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಬೋಗುಣಿಯಿಂದ ಪಟ್ಟಿಯನ್ನು ಎತ್ತಿ ನೋಡಿದಳು.

"ಏನ್ ಮಾಡಿಟ್ಟಿ ಬೇ ಸುಮಿ."

"ಹಬ್ಬಕ್ಕ ತೊಳದೆ ಆಯಿ."

"ಅಜ್ಜಗ ಹೇಳಬ್ಯಾಡ. ಹಬ್ಬ ಆಗಲಿ, ರಬಕವಿಗೆ ಹೋಗೂಣು."

ಆ ಪಂಚಮಿ ನನಗೆ ಹಬ್ಬವೇ ಆಗಲಿಲ್ಲ. ಜೋಕಾಲಿ ಏರಿದರೆ ಅಲ್ಲಿಂದ ಟ್ರಂಕೇ ಕಾಣುತ್ತಿತ್ತು. ಅಜ್ಜ ಒಂದು ಕಡೆ ತಿರುಗುತ್ತಿದ್ದ, ನಾನು ಇನ್ನೊಂದು ಕಡೆ.

ಹಬ್ಬದ ಮರುದಿನ ರಬಕವಿಯಲ್ಲಿ, ಆಯಿಗೆ ಸೀರೆ ನೇಯ್ದು ಕೊಡುತ್ತಿದ್ದ ಶಂಕ್ರಪ್ಪ ಆ ಬಣ್ಣಗೆಟ್ಟ ಪಟ್ಟಿಯನ್ನು ಬೆಳಕಿಗೆ ಹಿಡಿದು ನಕ್ಕ.

"ಇದ ಯಾರ ಪರಕಾರದ ಲಾಡಿರಿ ಅಕ್ಕಾರ?"

"ಪರಕಾರದ್ದಲ್ಲೋ, ನಮ್ಮ ಸಾಹೇಬರ ಎದಿ ಮ್ಯಾಲಿಂದು."

ಶಂಕ್ರಪ್ಪನ ನಗು ನಿಂತಿತು. ಸೀರೆಗೆ ತಂದ ನೂಲಿನಲ್ಲೇ ನೀಲಿ, ಕೇಸರಿ ಆರಿಸಿದ. ಎಳೆಗಳ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಅವನ ತಾಯಿ ಲಂಗದ ಲಾಡಿ ನೇಯುತ್ತಿದ್ದ ರೀತಿಯಲ್ಲೇ ಕೈಯಿಂದ ನೇಯ್ದ. ಸಂಜೆಯ ಬಸ್ಸಿಗೆ ಪಟ್ಟಿ ನಮ್ಮ ಕೈಯಲ್ಲಿತ್ತು. ಬಣ್ಣ ಹೊಂದಿತ್ತು, ಆದರೆ ಹೊಳಪಿರಲಿಲ್ಲ. ಹತ್ತಿ ನೂಲು, ತುಸು ದಪ್ಪ.

ಹದಿನೈದರ ಬೆಳಿಗ್ಗೆ ಅಜ್ಜ ಪದಕ ತೆಗೆದ. ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದವನು ಅಲ್ಲೇ ನಿಲ್ಲಿಸಿದ.

"ಯಾರ ನೇಯ್ದರು ಇದನ್ನ?"

ಆಯಿ ಬಾಯಿ ತೆರೆಯುವ ಮೊದಲೇ ನಾನು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜ ಹಳೆಯ ಪಟ್ಟಿ ಕೇಳಿದ. ಆಯಿ ಅಕ್ಕಿ ಡಬ್ಬಿಯ ಹಿಂದಿನಿಂದ ತಂದುಕೊಟ್ಟಳು. ಅದನ್ನು ಹಿಡಿದುಕೊಂಡು ಅಜ್ಜ ಜೋಕಾಲಿಯ ಮಣೆಯ ಮೇಲೆ ಕೂತ. ಅವನು ಅದರ ಮೇಲೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಎರಡೂ ಸರ್ತಿ ಲಡಾಯಿ ಮುಗಿಸಿ ಬಂದಾಗ ನಿಮ್ಮ ಆಯಿ ನನ್ನ ಅರಿವಿ ಎಲ್ಲಾ ಒಗದಳು," ಎಂದ. "ಇದೊಂದ ಒಗಿಯೂದು ಉಳಿದಿತ್ತು. ನೀ ಒಗದಿ. ಆತು ಬಿಡು."

ಹಳೆಯ ಪಟ್ಟಿ ಕೋಟಿನ ಒಳಜೇಬಿಗೆ ಹೋಯಿತು. ಶಂಕ್ರಪ್ಪನ ಪಟ್ಟಿ ಎದೆಯ ಮೇಲೆ ಬಂತು. ನನ್ನ ಕೈಹಿಡಿದು ಶಾಲೆಗೆ ನಡೆದ. ಆವತ್ತು ಅವನ ಹೆಜ್ಜೆ ನಿಧಾನವಾಗಿತ್ತು. ಮರುದಿನದಿಂದ ಮತ್ತೆ ಅದೇ ತಿರುಗಾಟ.

ಈಗ ಅಜ್ಜ ಇಲ್ಲ, ಆಯಿ ಇಲ್ಲ. ಸೊಂಟಕ್ಕೆ ನೂಲು ಕಟ್ಟಿಕೊಂಡು ಪಟ್ಟಿ ನೇಯುವವರನ್ನು ರಬಕವಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಎಪ್ಪತ್ತೊಂದರಲ್ಲಿ ಏನಾಯಿತೆಂದು ಆವತ್ತು ಜೋಕಾಲಿಯ ಮೇಲೆ ಕೂತಿದ್ದಾಗ ಕೇಳಿದ್ದರೆ ಅಜ್ಜ ಹೇಳುತ್ತಿದ್ದನೇನೋ. ಅಳುವುದರಲ್ಲೇ ನನ್ನ ಹೊತ್ತು ಹೋಯಿತು. ಈ ಹಳಹಳಿ ನನ್ನನ್ನು ಒಂದು ಕಡೆ ಕೂಡಗೊಡುವುದಿಲ್ಲ.

ಮೊನ್ನೆ ಪದಕಕ್ಕೆ ಗಾಜಿನ ಕಟ್ಟು ಹಾಕಿಸಲು ಜಮಖಂಡಿಯ ಅಂಗಡಿಗೆ ಹೋಗಿದ್ದೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ಪಟ್ಟಿ ಮುಟ್ಟಿ ನೋಡಿ, "ಅಕ್ಕಾರ, ಇದ ಡೂಪ್ಲಿಕೇಟ್ ಐತ್ರಿ. ಒರಿಜಿನಲ್ ತರಿಸಿ ಹಾಕೂಣೇನ್ರಿ?" ಎಂದಳು.

ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದ ನಾನು ನಿಂತೆ. ಅಜ್ಜನ ಕೋಟಿನ ಜೇಬಿನಲ್ಲಿ ಸಿಕ್ಕ ರಾಡಿಬಣ್ಣದ ಪಟ್ಟಿಯನ್ನು ಪರ್ಸಿನಿಂದ ತೆಗೆದು ಅವಳ ಮುಂದಿಟ್ಟೆ.

"ಒರಿಜಿನಲ್ ಇಲ್ಲೈತವ್ವಾ. ಇದನ್ನ ಅದರ ಬೆನ್ನಿಗೆ ಇಟ್ಟು ಗಾಜ ಹಾಕು."