ಶಹಾಬಾದದಲ್ಲಿ ಉರುಳಿದ ಎಂಜಿನ್

ಚಿಂಚೋಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ನಮ್ಮೂರಿನ ಕೆಲವರು ಹಳೆಯ ಬಸ್ಸೊಂದನ್ನು ಮತ್ತೆ ಓಡಿಸುತ್ತೇವೆಂದು ಮೊದಲು ಅದಕ್ಕೆ ಬಣ್ಣ ಬಳಿದರು. ಫೋಟೊ ತೆಗೆಸಿಕೊಂಡ ಮೇಲೆ, ಅಡಿಯಲ್ಲಿ ಮಲಗಿ ತುಕ್ಕು ಕೆರೆಯುವ ಭಾನುವಾರಗಳಿಗೆ ಯಾರೂ ಬರಲಿಲ್ಲ. ಶಹಾಬಾದದಲ್ಲಿ ಹಳೆಯ ಎಂಜಿನ್ನೊಂದಕ್ಕೆ ಇಂಥದೇ ಕೆಲಸ ಇನ್ನೂ ನಡೆದಿದೆ ಎಂದು ಕೇಳಿದ್ದೆ.

ಸೇಡಂನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಪ್ಯಾಸೆಂಜರ್ ರೈಲು ಹತ್ತಿದೆ. ಚಿತ್ತಾಪುರ ದಾಟಿದ ಮೇಲೆ ಬಿಸಿಲು ಏರಿತು, ಕಿಟಕಿಯ ಸರಳುಗಳ ಮೇಲೆ ಬಿಳಿ ಧೂಳು ಕೂತಿತು. ವಾಡಿಯಲ್ಲಿ ಶರಣಪ್ಪ ಕಾಯುತ್ತಿದ್ದರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಅವರೇ ಆ ಎಂಜಿನ್ ರಿಪೇರಿ ಮಾಡುತ್ತಿದ್ದವರು. ಅಲ್ಲಿಂದ ಶಹಾಬಾದಕ್ಕೆ ಶೇರ್ ಆಟೊ.

ಎಂಜಿನ್ ನಿಂತಿದ್ದುದು ಜರೀನಾ ಬೇಗಂ ಅವರ ಕಲ್ಲು ಪಾಲಿಶ್ ಅಂಗಳದಲ್ಲಿ. ಹಿಂದೆ ಗಣಿಯಿಂದ ಕಲ್ಲು ಎಳೆಯುತ್ತಿದ್ದ ಪುಟ್ಟ ಡೀಸೆಲ್ ಎಂಜಿನ್ ಅದು. ಬಹಳ ದಿನ ಜಾಗ ಕೊಟ್ಟ ಜರೀನಾ, ಇವತ್ತು ಅದು ಓಡದಿದ್ದರೆ ಗುಜರಿಗೆ ಎಂದು ಹೇಳಿಬಿಟ್ಟಿದ್ದರು. ನೋಡಲು ಜನ ನೆರೆದಿದ್ದರು. ಎಲ್ಲರ ಕೈಯಲ್ಲೂ ಫೋನ್.

ಹಳಿ ತುಸು ಇಳಿಜಾರು. ಬ್ರೇಕ್ ಹಿಡಿಯುತ್ತಿರಲಿಲ್ಲ, ಅದನ್ನು ಬಿಚ್ಚಿ ರಿಪೇರಿ ಮಾಡುವುದು ಇನ್ನೂ ಉಳಿದಿತ್ತು. ಗಾಲಿಗೆ ಅಡ್ಡ ಕೊಡಲು ಕಟ್ಟಿಗೆ ತರೋಣವೇ ಎಂದು ನಾನು ಕೇಳಿದ್ದಕ್ಕೆ ಕಲ್ಲು ಸೀಳುವ ಭೀಮಣ್ಣ ನಕ್ಕ. "ನಮ್ ಕಲ್ಲಿಗಿಂತ ಗಟ್ಟಿ ಯಾನದರಿ?" ಎಂದು ಎರಡು ಬಂಡೆ ತಂದಿಟ್ಟ. ಆ ಕಲ್ಲು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅದರಿಂದಲೇ ಅಲ್ಲಿನವರ ಅನ್ನ. ಆದರೂ ಆ ಕ್ಷಣ ಅದು ಯಾರಿಗೂ ಹೊಳೆಯಲಿಲ್ಲ.

ಶರಣಪ್ಪ ಎಂಜಿನ್ ಚಾಲೂ ಮಾಡಿ, ಗಾಲಿ ನೋಡಲು ಕೆಳಗಿಳಿದರು. ಎಂಜಿನ್ನಿನ ನಡುಕಕ್ಕೆ ಬಂಡೆಗಳು ಸೀಳಿಕೊಂಡು ಜಾರಿದವು. ಗಾಲಿಯ ಮುಂದೆ ಶರಣಪ್ಪ ಬಗ್ಗಿದ್ದರು. ಭೀಮಣ್ಣ ಅವರ ಅಂಗಿ ಹಿಡಿದು ಎಳೆದ. ಅವರು ಬಿದ್ದ ಜಾಗದ ಪಕ್ಕದಲ್ಲೇ ಗಾಲಿ ಹೋಯಿತು. ಎಂಜಿನ್ ಕಲ್ಲಿನ ರಾಶಿಗೆ ಬಡಿದು ನಿಂತು, ಆರಿತು.

ಶರಣಪ್ಪನವರ ಮೊಣಕೈ ತರಚಿತ್ತು, ಅಷ್ಟೇ. "ಗುಜರಿಗೆ ಒಯ್ಯಿಸಿಬಿಡ್ರಿ ಆಪಾ," ಎಂದರು ಜರೀನಾಗೆ. "ನನಗಿನ್ನ ಸಾಕು."

ಜರೀನಾ ಅವರಿಗೆ ನೀರು ಕೊಟ್ಟು ಜನರ ಕಡೆ ತಿರುಗಿದರು. "ಸಪ್ಪಳ ಕೇಳಲಿಕ್ಕ ಇಷ್ಟು ಮಂದಿ ಬಂದೀರಿ. ಬ್ರೇಕ್ ಬಿಚ್ಚಲಿಕ್ಕ ಯಾರ್ ಉಳೀತೀರಿ, ಅದನ್ ಹೇಳ್ರಿ."

ಅನೇಕರು ಫೋನು ಜೇಬಿಗಿಳಿಸಿ, ಕೆಲಸದ ನೆಪ ಹೇಳಿ ಹೊರಟರು. ಭೀಮಣ್ಣ ಅಂಗಿ ಬಿಚ್ಚಿ ಗೋಡೆಗೆ ಹಾಕಿದ. ಅವನೂ ಮತ್ತೆ ಕೆಲವರೂ ಹಳಿಯ ಅಡಿಗೆ ಹಾಕುವ ಹಳೆಯ ಮರದ ದಿಮ್ಮಿಗಳನ್ನು ಹೊತ್ತು ತಂದು ಗಾಲಿಯ ಎರಡೂ ಕಡೆ ಬಿಗಿದರು. ಶರಣಪ್ಪ ಸ್ಪ್ಯಾನರ್ ಎತ್ತಿಕೊಂಡರು.

"ಕುಂದ್ರಿ ಕಾಕಾ, ಕೈ ನಡಗಲಿಕತ್ತಾವ," ಎಂದ ಭೀಮಣ್ಣ. "ಬಾಯಿಲೇ ಹೇಳ್ರಿ. ಬಾಯಂತೂ ಎಂದೂ ಕೆಟ್ಟಿಲ್ಲ."

ಶರಣಪ್ಪ ಕೂತು, ಮೊದಲು ಯಾವ ನಟ್ಟು ಎಂದು ಹೇಳತೊಡಗಿದರು.

ನೋಡಲು ಸೇರಿದವರಿಂದಲೇ ಇಂಥ ಕೆಲಸ ಉಳಿಯುವುದಾದರೆ ನಮ್ಮೂರ ಬಸ್ಸು ಇಷ್ಟೊತ್ತಿಗೆ ಓಡುತ್ತಿತ್ತು. ಇಲ್ಲಿ ಹೆದರಿದವರೇ ಉಳಿದುಕೊಂಡಿದ್ದರು.

ಸಂಜೆ ನಾನು ಹೊರಡುವಾಗ ಕಲ್ಲಿನ ಲಾರಿಯೊಂದು ಬಂತು. ಯಾವಾಗಿನಂತೆ ಹಳಿಯ ಮೇಲೆ ಕಲ್ಲು ಇಳಿಸಲು ಚಾಲಕ ಹಿಂದೆ ತೆಗೆದುಕೊಳ್ಳುತ್ತಿದ್ದ. ಜರೀನಾ ಕೈ ಅಡ್ಡ ಹಿಡಿದರು. "ಅಲ್ಲಿ ಬ್ಯಾಡ. ರಸ್ತೆ ಕಡಿ ಇಳಸು. ಹಳಿ ಖಾಲಿ ಇರಬೇಕು."

ಆಟೊದಿಂದ ತಿರುಗಿ ನೋಡಿದೆ. ಎಂಜಿನ್ನಿನ ಅಡಿಯಿಂದ ಧೂಳು ಮೆತ್ತಿದ ಕಾಲುಗಳು ಹೊರಚಾಚಿದ್ದವು.