ನಿದ್ದೆಗಣ್ಣಿನ ಕರಾರು

ಮಧ್ಯಾಹ್ನ ಮುದ್ದೆ ಉಂಡು ಒರಗಿದ ಮೇಲೆ ಸುಮಾರು ಒಂದು ಗಂಟೆ ನಾನು ಈ ಲೋಕದವನಲ್ಲ. ಪಾಂಡವಪುರದ ನಮ್ಮ ಮನೆಯ ಹಿಂದೆ ನಾಲೆ ಹರಿಯುತ್ತದೆ. ಅದರ ಸದ್ದು, ಫ್ಯಾನಿನ ಸದ್ದು, ಕೊಟ್ಟಿಗೆಯಲ್ಲಿ ನಮ್ಮ ಹಸು ಕೆಂಪಿ ಮೆಲುಕು ಹಾಕುವ ಸದ್ದು, ಮೂರೂ ಸೇರಿ ನನ್ನನ್ನು ಎಲ್ಲಿಗೋ ತೇಲಿಸಿಕೊಂಡು ಹೋಗುತ್ತವೆ. ನಿವೃತ್ತ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಸುಖ ಬೇಕಿಲ್ಲ. ತೊಂದರೆ ಏನೆಂದರೆ, ಆ ಹೊತ್ತಿನಲ್ಲೂ ಮೊಬೈಲು ಎದೆಯ ಮೇಲೇ ಇರುತ್ತದೆ. ಅದು ಗುಂಯ್ ಎಂದಾಗ ಅರೆಗಣ್ಣು ತೆರೆದು, ಬಂದ ಮೆಸೇಜಿನ ಮೊದಲ ಸಾಲು ನೋಡಿ, ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಕಳಿಸಿ ಮತ್ತೆ ತೇಲುತ್ತೇನೆ. ಹಬ್ಬದ ಶುಭಾಶಯಕ್ಕೂ ಅದೇ, ಯಾರೋ ತೀರಿಕೊಂಡ ಸುದ್ದಿಗೂ ಅದೇ. ಎರಡನೆಯದರಿಂದಾಗಿ ನೆಂಟರೊಬ್ಬರು ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಹೀಗೇ ಒಂದು ಮಧ್ಯಾಹ್ನ ನಾನು ಕೆಂಪಿಯನ್ನು ಮಾರಿಬಿಟ್ಟೆ.

ಕೇಳಿದವನು ನಾಗಮಂಗಲದ ಕಡೆಯ ರೈತ ಬೋರೇಗೌಡ. ಯಾವುದೋ ಮದುವೆಗೆಂದು ನಮ್ಮೂರಿಗೆ ಬಂದವನು ಮನೆಗೂ ಬಂದು, ಕೆಂಪಿಯ ಬೆನ್ನು ಸವರಿ ಹೋಗಿದ್ದ. ಅವನ ಮೆಸೇಜು “ಮೇಷ್ಟ್ರೇ, ಚೆಂದಾಗಿದ್ದೀರಾ” ಎಂದು ಶುರುವಾಗಿತ್ತು. ಚೆನ್ನಾಗಿಯೇ ಇದ್ದೆ, ಹೆಬ್ಬೆರಳೆತ್ತಿದೆ. ಅದರ ಕೆಳಗೆ ಹಸು ಕೊಡುತ್ತೀರಾ ಎಂಬ ಪ್ರಶ್ನೆ, ಒಂದು ಬೆಲೆ, ಬರುವ ಸೋಮವಾರ ಕರೆದೊಯ್ಯುವ ಮಾತು, ಎಲ್ಲವೂ ಇತ್ತೆಂದು ತಿಳಿದದ್ದು ಎರಡು ದಿನ ಬಿಟ್ಟು. “ಒಪ್ಕೊಂಡ್ರಲ್ಲ, ಬಲೇ ಸಂತೋಸ. ಕೊಟ್ಗೆ ರಿಪೇರಿ ಮಾಡುಸ್ತಾ ಇವ್ನಿ” ಎಂದು ಅವನು ಹೊಸ ಸೂರಿನ ಫೋಟೋ ಕಳಿಸಿದಾಗ.

ಕೆಂಪಿ ಎಂದರೆ ನನ್ನ ಹೆಂಡತಿ ಸಾವಿತ್ರಿಗೆ ಜೀವ. ಅವಳಿಗೆ ಹೇಳುವ ಧೈರ್ಯ ಸಾಲದೆ, ಶ್ರೀರಂಗಪಟ್ಟಣದಲ್ಲಿ ವಕೀಲಿ ಮಾಡುವ ಬಾಲ್ಯದ ಗೆಳೆಯನ ಹತ್ತಿರ ಹೋದೆ. ಮೆಸೇಜಿಗೆಲ್ಲ ಕಾನೂನಿನಲ್ಲಿ ಏನು ಬೆಲೆ, ಸುಮ್ಮನಿರು ಅನ್ನುತ್ತಾನೆಂಬ ಆಸೆ ನನಗೆ.

“ಅವ್ನು ಕೇಳವ್ನೆ, ನೀನು ಒಪ್ಪಿದ್ದೀಯ, ಬೆಲೆನೂ ಐತೆ. ಕರಾರಿಗೆ ಇನ್ನೇನ್ಲಾ ಬೇಕು? ಜಮೀನಾಗಿದ್ರೆ ರಿಜಿಸ್ಟ್ರಿ ಆಗ್ನಿಲ್ಲ ಅನ್ಬೋದಿತ್ತು. ಅಸಕ್ಕೆ ಯಾವ ರಿಜಿಸ್ಟ್ರಿ?” ಎಂದ.

“ನಿದ್ದೇಲಿ ಒತ್ಬುಟ್ಟೆ ಕಣ್ಲಾ.”

“ಅದ ಜಡ್ಜ್ ಸಾಹೇಬ್ರ ಮುಂದೆ ಯೋಳು. ಅವ್ರೂ ಉಂಡೇ ಬಂದು ಕೂತಿರ್ತಾರೆ, ಅರ್ಥ ಆದ್ರೂ ಆಗ್ಬೋದು.”

ಬಸ್ಸು ಕಾವೇರಿಯ ಸೇತುವೆ ದಾಟುವಾಗ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ. ಹಿಂದಿನವರು ಕೊಟ್ಟ ಮಾತನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಸೂರ್ಯಚಂದ್ರರಿರುವ ತನಕ ಇದು ನಡೆಯಲಿ, ಇದಕ್ಕೆ ತಪ್ಪಿದವನಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರಲಿ ಎಂದು ಶಾಪ ಬೇರೆ. ಒಂದೊಂದು ಅಕ್ಷರಕ್ಕೂ ಉಳಿಯ ಏಟು ಬೀಳಬೇಕಾದ್ದರಿಂದ ಕೊಡುವವನಿಗೆ ಮನಸ್ಸು ಬದಲಿಸಲು ಬೇಕಾದಷ್ಟು ಸಮಯವಿತ್ತು. ನನ್ನ ಅಜ್ಜ ದನ ಕೊಳ್ಳುವಾಗ ಟವೆಲಿನ ಮರೆಯಲ್ಲಿ ಬೆರಳು ಹಿಡಿದೇ ವ್ಯಾಪಾರ ಕುದುರಿಸುತ್ತಿದ್ದ. ಅಲ್ಲಿಯೂ ಬೆರಳೇ, ಆದರೆ ಎದುರಿನವನ ಕೈ ಬೆಚ್ಚಗೆ ತಾಗುತ್ತಿತ್ತು. ನನ್ನದು ಗಾಜಿನ ಮೇಲಿನ ಬೆರಳು. ಹೊಳೆಯ ನೀರು ಬಿಸಿಲಿನಲ್ಲಿ ಮಿನುಗುತ್ತಿತ್ತು, ನನಗೆ ಮತ್ತೆ ಜೊಂಪು ಹತ್ತಿತು. ನಾಚಿಕೆಗೇಡು, ಆದರೂ ಹತ್ತಿತು.

ಭಾನುವಾರ ಹೇಳಿಬಿಟ್ಟೆ. ಸಾವಿತ್ರಿ ಬೈದಿದ್ದರೆ ಎಷ್ಟೋ ವಾಸಿ. ಎದ್ದು ಕೊಟ್ಟಿಗೆಗೆ ಹೋಗಿ ಕೆಂಪಿಯ ಪಕ್ಕ ಕೂತಳು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಸಂಕಟವಾದದ್ದು ಕಡಿಮೆ.

ಸೋಮವಾರ ಬೋರೇಗೌಡ ಹೊಸ ಹಗ್ಗ ಹಿಡಿದು ಲಗೇಜ್ ಆಟೋದಲ್ಲಿ ಬಂದಿಳಿದ. ಮೊಬೈಲು ತೆಗೆದು ನನ್ನ ಹೆಬ್ಬೆರಳನ್ನು ಸಾವಿತ್ರಿಗೆ ತೋರಿಸಿದ.

“ಎಬ್ಬೆಟ್ಟು ಇವರ್ದು, ಅಸ ನಂದು ಕಣಪ್ಪ,” ಎಂದಳು ಅವಳು. “ಹೊಸಹೊಳಲಿಂದ ನಮ್ಮಪ್ಪ ನಂಗೆ ಅಂತ ಕೊಟ್ಟ ಕರ ಇದು. ಇವ್ರು ಒಂದಿನ ಸಗಣಿನೂ ಬಾಚ್ನಿಲ್ಲ.”

ಇಷ್ಟು ಸಣ್ಣ ಪ್ರಶ್ನೆ, ಹಸು ಯಾರದು ಎಂಬುದು, ವಕೀಲನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನನ್ನದಲ್ಲದ್ದನ್ನು ನಾನು ಎಷ್ಟು ಗಾಢವಾಗಿ ಒಪ್ಪಿದರೂ ಮಾರಾಟವಾಗುವುದಿಲ್ಲವಲ್ಲ. ಗೆದ್ದೆನೆಂದು ಉಸಿರು ಬಿಡುವಷ್ಟರಲ್ಲಿ ಬೋರೇಗೌಡನ ಮುಖ ಕಂಡಿತು.

“ಆಗ್ಲಿ ಬುಡವ್ವಾ. ಮನೇಲಿ ಅಸ ಬತ್ತದೆ ಅಂತ ಕಾಯ್ತಾವ್ರೆ, ಅವರ್ಗೆ ಏನಾದ್ರೂ ಯೋಳ್ತೀನಿ,” ಎಂದು ಹಗ್ಗ ಸುತ್ತತೊಡಗಿದ.

ಸಾವಿತ್ರಿ ಹಗ್ಗ ಸುತ್ತುತ್ತಿದ್ದ ಅವನ ಕೈ ನೋಡಿದಳು. “ಕೆಂಪಿ ಗಬ್ಬ ಐತೆ. ಗಂಡಾಗ್ಲಿ ಎಣ್ಣಾಗ್ಲಿ, ಉಟ್ಟಿದ್ ಕರ ನಿಂದೇ, ಓಗು,” ಎಂದಳು. ಅವನು ಬರೆದುಕೊಡಿ ಎನ್ನಲಿಲ್ಲ. ಮಜ್ಜಿಗೆ ಕುಡಿದು ಹೊರಟುಹೋದ.

ಹುಟ್ಟಿದ್ದು ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಸಾವಿತ್ರಿ ಅದರ ಕಿವಿಯಲ್ಲಿ ಏನೋ ಹೆಸರಿಟ್ಟು ಕರೆಯುತ್ತಿದ್ದಳು, ನನಗೆ ಹೇಳುತ್ತಿರಲಿಲ್ಲ. ಅದು ಹುಲ್ಲು ಕಚ್ಚಲು ಕಲಿತು ಕಳಿಸುವ ದಿನ ಹತ್ತಿರವಾದಂತೆಲ್ಲ ಅವಳ ಊಟ ಕಡಿಮೆಯಾಯಿತು. ನನಗೆ ನೋಡಲಾಗಲಿಲ್ಲ. ಈಗ ಅರ್ಧ ವಕೀಲನಾಗಿದ್ದ ನಾನು, “ನೀನು ಬರೆದುಕೊಟ್ಟಿಲ್ಲ, ಮೆಸೇಜೂ ಇಲ್ಲ, ಸಾಕ್ಷಿ ಅಂದ್ರೆ ನಾನೊಬ್ನೇ. ಯಾರು ಬಂದು ಕೇಳ್ತಾರೆ?” ಎಂದೆ.

“ಆ ಮಾತಾಡ್ದಾಗ ನಾನು ಎಚ್ಚರವಾಗಿದ್ದೆ ಕಣ್ರೀ,” ಎಂದಳು.

ಅವಳೇ ಹೇಳಿ ಕಳಿಸಿದಳು, ಬೋರೇಗೌಡ ಬಂದ. ಸಾವಿತ್ರಿ ಕರುವಿನ ಹಗ್ಗವನ್ನು ಅವನ ಕೈಗೆ ಕೊಟ್ಟಳು, ಆದರೆ ತಾನು ಹಿಡಿದ ತುದಿಯನ್ನು ಬಿಡಲಿಲ್ಲ. ಅವನೂ ಎಳೆಯಲಿಲ್ಲ. ಅವಳು ಬಿಡುವ ತನಕ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದ.